ನೌಕಾಯಾನಕ್ಕೆ ಬಳಸಬಾರದು

“ಎಡಗಡೆ ಸ್ವಲ್ಪ ಮೇಲೆತ್ತಿ. ಉತ್ತರ ದಿಕ್ಕು ಜಾರುತ್ತಿದೆ” ಎಂದ ನಾಣಿ.

ಸೀತಾರಾಮಯ್ಯನವರು ಸ್ಟೂಲಿನ ಮೇಲೆ ನಿಂತು ಚೌಕಟ್ಟನ್ನು ಎತ್ತಿದರು. ಉತ್ತರ ಸರಿಹೋಯಿತು, ಸೀತಾರಾಮಯ್ಯನವರು ವಾಲಿದರು.

“ಇಳಿಯಿರಿ, ಅದು ಹಾಗೇ ಇರಲಿ” ಎಂದರು ವಾಸಣ್ಣ, ಕುರ್ಚಿಯಿಂದ ಏಳದೆ. “ನಕ್ಷೆಯಲ್ಲಿ ದಿಕ್ಕಿನ ಚಕ್ರವಿದೆಯಲ್ಲ, ಅದರೊಳಗೆ ಇನ್ನೊಂದು ಚಕ್ರ ಸೊಟ್ಟಗೆ ಕೂತಿದೆ ನೋಡಿ. ಹೊರಗಿನದು ನಿಜವಾದ ಉತ್ತರ, ಒಳಗಿನದು ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ. ಮುಳ್ಳಿನ ಉತ್ತರ ವರ್ಷ ವರ್ಷ ಜರುಗುತ್ತದೆ, ಎಷ್ಟು ಎಂದು ಅಲ್ಲೇ ಬರೆದಿದ್ದಾರೆ. ಚಿತ್ರ ಸೊಟ್ಟಗಿದೆ ಎಂದು ಯಾರಾದರೂ ಅಂದರೆ, ಮುಳ್ಳಿಗೆ ಸರಿಯಾಗಿ ಮೊಳೆ ಹೊಡೆದಿದ್ದೇನೆ ಎನ್ನಿ.”

ಸೀತಾರಾಮಯ್ಯನವರು ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಕೈಕಟ್ಟಿ ನಿಂತರು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿ. ಹತ್ತೊಂಬತ್ತನೆಯ ಶತಮಾನದ ನೌಕಾನಕ್ಷೆಯ ನಕಲು. ಮೂರಡಿ ಅಗಲ, ಗಾಜಿನ ಹಿಂದೆ.

“ಹೇಗಿದೆ?”

“ನೀವು ಸಮುದ್ರ ನೋಡಿದ್ದು ಯಾವಾಗ?” ಎಂದು ಕೇಳಿದರು ವಾಸಣ್ಣ.

“ಒಂದು ಸಲ. ದಡದಲ್ಲಿ ನಿಂತು. ಅಲೆ ಬಂದು ಚಪ್ಪಲಿ ತೆಗೆದುಕೊಂಡು ಹೋಯಿತು.”

“ಹಾಗಾದರೆ ಸಮುದ್ರದ ಮೇಲೆ ನಿಮಗೊಂದು ಬಾಕಿ ಇದೆ. ಆದರೆ ಸ್ಕಾಟ್ಲೆಂಡೇ ಏಕೆ?”

“ಸೋಫಾದ ಬಣ್ಣಕ್ಕೆ ಹೊಂದುತ್ತದೆಯಂತೆ” ಎಂದರು ಪದ್ದಕ್ಕ ಒಳಗಿನಿಂದ. ಆ ‘ಅಂತೆ’ಯಲ್ಲಿ ಮೂರು ದಿನದ ಜಗಳವಿತ್ತು.

ವಾಸಣ್ಣ ಕನ್ನಡಕ ಹಾಕಿಕೊಂಡು ಎದ್ದರು. “ಇಂಥ ನಕ್ಷೆಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು ಕಪ್ಪು ಶಾಯಿಯಲ್ಲಿ ಅಚ್ಚು ಹಾಕುತ್ತಿದ್ದರು. ಈ ತಿಳಿನೀಲಿ ಈಚೆಗೆ ಬಳಿದದ್ದು. ಅಂದರೆ ಸೋಫಾ ಸಮುದ್ರಕ್ಕೆ ಹೊಂದಿಲ್ಲ ಸೀತಾರಾಮಯ್ಯ, ಸಮುದ್ರವೇ ಸೋಫಾಕ್ಕೆ ಹೊಂದಿಕೊಂಡಿದೆ. ಈ ಕಂದು ಕಲೆಗಳನ್ನು ನೋಡಿ, ಅವೂ ಅಚ್ಚಿನವೇ. ಹೊಸ ಅಂಗಿ ಹೊಲಿಸಿ ತೇಪೆಯನ್ನೂ ಹಾಕಿಸಿಕೊಂಡ ಹಾಗೆ.”

“ಇದರಲ್ಲಿ ಡ್ರ್ಯಾಗನ್ ಎಲ್ಲಿದೆ? ‘ಇಲ್ಲಿ ಡ್ರ್ಯಾಗನ್‌ಗಳಿವೆ’ ಎಂದು ಹಳೆಯ ನಕ್ಷೆಗಳಲ್ಲಿ ಬರೆಯುತ್ತಿದ್ದರಲ್ಲವೇ?” ನಾಣಿ ಗಾಜಿಗೆ ಮೂಗು ತಾಗಿಸಿ ಹುಡುಕುತ್ತಿದ್ದ.

“ಆ ಮಾತು ಇರುವುದು 1510ರ ಸುಮಾರಿನ ಒಂದು ತಾಮ್ರದ ಗೋಳದ ಮೇಲೆ, ಲ್ಯಾಟಿನ್ನಿನಲ್ಲಿ. ತೆಂಗಿನಕಾಯಿಗಿಂತ ಚಿಕ್ಕ ಗೋಳ, ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ಹಡಗು ನಡೆಸುವವನ ಹಾಳೆಯಲ್ಲಿ ಡ್ರ್ಯಾಗನ್ ಬರೆದು ಏನು ಉಪಯೋಗ? ಅವನು ಹೆದರುವುದು ನೀರಿನಡಿಯ ಬಂಡೆಗೆ. ಬಂಡೆ ಒಂದು ಸಣ್ಣ ಅಡ್ಡಗೆರೆ, ಒಂದು ಉದ್ದಗೆರೆ. ನೋಡಲು ಏನೂ ಚೆನ್ನಾಗಿಲ್ಲ, ಆದ್ದರಿಂದಲೇ ಯಾರೂ ನೋಡು…” ವಾಸಣ್ಣನ ಮಾತು ನಿಂತಿತು. ಅವರ ಕಣ್ಣು ಕೆಳಗಿನ ಬಲಮೂಲೆಗೆ ಹೋಗಿತ್ತು. ಇರುವೆ ಸಾಲಿನಂಥ ಅಕ್ಷರ. ಬಗ್ಗಿ ಓದಿದರು. ಮತ್ತೊಮ್ಮೆ ಓದಿದರು. ಅವರ ಮುಖದಲ್ಲಿ ಹಬ್ಬದ ಕಳೆ ಬಂತು.

“‘ನೌಕಾಯಾನಕ್ಕೆ ಬಳಸಬಾರದು’ ಎಂದು ಬರೆದಿದ್ದಾರೆ!”

“ಬರೆದಿರಲಿ. ನಾನೇನು ಗೋಡೆಯಿಂದ ಕಿತ್ತುಕೊಂಡು ಹಡಗು ಹತ್ತುತ್ತೇನೆಯೇ?”

“ಹತ್ತಬಹುದು ಎಂದು ಅವರಿಗೆ ಅನುಮಾನ. ಇಡೀ ಲೋಕದಲ್ಲಿ ನಿಮ್ಮನ್ನು ನಾವಿಕ ಎಂದು ಭಾವಿಸಿದವನು ಈ ಅಚ್ಚುಕೂಟದ ವಕೀಲ ಒಬ್ಬನೇ. ಅವನಿಗೆ ಒಂದು ನಮಸ್ಕಾರ ಹಾಕಿ.”

ಅಲ್ಲಿಂದ ಮುಂದೆ ಅರ್ಧ ಗಂಟೆ ಆ ಸಾಲಿಗೆ ಬಿಡುವು ಸಿಗಲಿಲ್ಲ. ಬೀರುವಿನಲ್ಲಿ ಬಟ್ಟೆಬೈಂಡಿನ ಹದಿನೆಂಟು ಸಂಪುಟಗಳಿದ್ದವು, ಅವಕ್ಕೆ ‘ಓದಲು ಬಳಸಬಾರದು’ ಎಂದು ಚೀಟಿ ಅಂಟಿಸಬೇಕೆಂದ ನಾಣಿ. ಮೂಲೆಯ ವ್ಯಾಯಾಮದ ಸೈಕಲ್ಲಿಗೆ ಚೀಟಿ ಬೇಡ, ಅದರ ಮೇಲೆ ಒಣಗುವ ಟವೆಲ್ಲೇ ಸಾಕು ಎಂದರು ಪದ್ದಕ್ಕ. ಕೊನೆಗೆ ಅವರು ಯಜಮಾನರನ್ನೂ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಚೀಟಿಯ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡರು ಎಂದು ಎಲ್ಲರಿಗೂ ಗೊತ್ತಾಯಿತು.

ಸೀತಾರಾಮಯ್ಯನವರಿಗೂ ಗೊತ್ತಾಯಿತು. “ನಗುವುದು ಸುಲಭ. ಇದು ಚರಿತ್ರೆ! ಅಧಿಕೃತ ನಕ್ಷೆ!”

“ಅಧಿಕೃತ ನಿಜ. ಬ್ರಿಟಿಷ್ ನೌಕಾಡಳಿತ ನಕ್ಷೆಗಳಿಗೆಂದೇ ಕಚೇರಿ ತೆರೆದದ್ದು 1795ರಲ್ಲಿ, ಮೊದಲ ನಕ್ಷೆ ಹೊರತಂದದ್ದು 1800ರಲ್ಲಿ. ಅಚ್ಚಾದ ಮೇಲೂ ಕೆಲಸ ಮುಗಿಯುವುದಿಲ್ಲ. ಎಲ್ಲೋ ದೀಪಸ್ತಂಭದ ಬೆಳಕು ಬದಲಾಯಿತು, ಎಲ್ಲೋ ಹಡಗು ಮುಳುಗಿ ಅಡ್ಡ ಬಿತ್ತು ಎಂದು ವಾರವಾರ ತಿದ್ದುಪಡಿ ಬರುತ್ತದೆ. ಅದನ್ನು ನಾವಿಕ ಕೈಯಾರೆ ಶಾಯಿಯಲ್ಲಿ ಗುರುತು ಹಾಕಿಕೊಳ್ಳಬೇಕು. ನಿಮ್ಮ ಹಾಳೆಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ತಿದ್ದುಪಡಿ ಬಾಕಿ ಬಿದ್ದಿದೆ.”

ಮೂವತ್ತು ವರ್ಷ ಕಡತ ನೋಡಿದ ಸೀತಾರಾಮಯ್ಯನವರಿಗೆ ‘ಬಾಕಿ’ ಎಂಬ ಮಾತು ತಟ್ಟಿತು. ಅವರು ಕುಳಿತರು.

“ಇದೇನು, ಈ ದಿಬ್ಬದ ಪಕ್ಕದಲ್ಲಿ ‘ಇ.ಡಿ.’ ಎಂದಿದೆ?” ಎಂದ ನಾಣಿ.

“ಹೆದರಬೇಡ, ಇದು ದಾಳಿ ಮಾಡುವ ಇ.ಡಿ. ಅಲ್ಲ. ‘ಅಸ್ತಿತ್ವ ಸಂದೇಹ’ ಎಂದು ಅರ್ಥ. ಯಾರೋ ಕಂಡೆ ಎಂದ, ಇನ್ನೊಬ್ಬನಿಗೆ ಕಾಣಲಿಲ್ಲ. ಇಲ್ಲ ಎಂದು ಅಳಿಸಿ, ಅದು ಇದ್ದುಬಿಟ್ಟರೆ? ಅದಕ್ಕೇ ಎರಡಕ್ಷರ ಬರೆದು ಉಳಿಸಿಕೊಳ್ಳುತ್ತಾರೆ. ನ್ಯೂ ಕ್ಯಾಲಿಡೋನಿಯದ ಹತ್ತಿರ ಸ್ಯಾಂಡಿ ಎಂಬ ದ್ವೀಪವಿತ್ತು. ಅಂದರೆ, ಇರಲಿಲ್ಲ. 1876ರಲ್ಲಿ ಒಂದು ಹಡಗಿನವರು ಕಂಡೆವು ಎಂದರು. 2012ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಹಡಗಿನಲ್ಲಿ ಅಲ್ಲಿಗೇ ಹೋಗಿ ನೋಡಿದರೆ ಸಾವಿರ ಮೀಟರಿಗೂ ಮಿಕ್ಕಿದ ನೀರು. ಅಷ್ಟು ಕಾಲ ಒಂದು ಹಿಡಿ ಮಣ್ಣಿಲ್ಲದೆ ಹೆಸರು ಉಳಿಸಿಕೊಂಡಿತ್ತು!”

“ನಮ್ಮ ಸುಬ್ಬಣ್ಣ ಸಾಲ ವಾಪಸು ಕೊಡುತ್ತೇನೆ ಎಂದ ತಾರೀಖಿಗೂ ಇ.ಡಿ. ಹಾಕಬಹುದು” ಎಂದರು ಸೀತಾರಾಮಯ್ಯ, ಚೇತರಿಸಿಕೊಂಡು.

ಪದ್ದಕ್ಕ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನಿಂತಿದ್ದರು. “ಅಲ್ಲ ವಾಸಣ್ಣ, ಸಮುದ್ರದ ತುಂಬ ಅಂಕಿಗಳಿವೆ, ನೆಲವೆಲ್ಲ ಬೋಳು. ಮನುಷ್ಯರು ಇರುವ ಕಡೆ ಏನೂ ಬರೆದೇ ಇಲ್ಲವಲ್ಲ?”

“ಕಡಲಿನವನಿಗೆ ನೆಲದಲ್ಲಿ ಬೇಕಾದದ್ದು ಅಷ್ಟೇ ತಾಯಿ. ದೂರದಿಂದ ಕಾಣುವ ಒಂದು ಗುಡ್ಡ, ಒಂದು ಚರ್ಚಿನ ಗೋಪುರ. ಅದರ ಹಿಂದೆ ಯಾರು ಯಾರ ಜೊತೆ ಸೋಫಾದ ವಿಷಯಕ್ಕೆ ಜಗಳವಾಡಿದರು ಎಂಬುದು ಅವನಿಗೆ ಬೇಡ. ನಾಣಿ, ಎರಡೂ ಕೈ ಚಾಚು.”

ನಾಣಿ ಚಾಚಿದ.

“ಒಂದು ಮಾರು. ಅವರು ಫ್ಯಾದಮ್ ಎನ್ನುತ್ತಾರೆ, ಆರಡಿ. ಹಗ್ಗವನ್ನು ಹೀಗೆ ಕೈಯಿಂದ ಕೈಗೆ ಎಳೆದು ಅಳೆಯುವುದರಿಂದ ಬಂದ ಅಳತೆ. ಈಗ ಈ ಹದಿನೇಳನ್ನು ನೋಡು. ಹದಿನೇಳು ಮಾರು ಆಳ. ಯಂತ್ರವಿಲ್ಲದ ಕಾಲ. ಒಬ್ಬ ದೋಣಿಯಂಚಿನಲ್ಲಿ ನಿಂತು ಸೀಸದ ಗುಂಡು ಕಟ್ಟಿದ ಹಗ್ಗ ಎಸೆದಿದ್ದಾನೆ. ಹಗ್ಗಕ್ಕೆ ಇಷ್ಟು ಮಾರಿಗೆ ತೊಗಲು, ಇಷ್ಟು ಮಾರಿಗೆ ಬಟ್ಟೆ ಎಂದು ಗುರುತು ಕಟ್ಟಿರುತ್ತದೆ, ಕತ್ತಲಲ್ಲಿ ಮುಟ್ಟಿ ತಿಳಿಯಲು. ಗುಂಡಿನ ತಳದಲ್ಲಿ ಒಂದು ಕುಳಿ, ಅದಕ್ಕೆ ಕೊಬ್ಬು ಮೆತ್ತಿರುತ್ತಾರೆ. ಮೇಲೆ ಬಂದಾಗ ಅದಕ್ಕೆ ಮರಳೋ ಕೆಸರೋ ಚಿಪ್ಪಿನ ಚೂರೋ ಅಂಟಿರುತ್ತದೆ. ಅವನು ಕೂಗಿ ಹೇಳಬೇಕು, ಇನ್ನೊಬ್ಬ ಬರೆದುಕೊಳ್ಳಬೇಕು. ಆಮೇಲೆ ದೋಣಿ ಸ್ವಲ್ಪ ಮುಂದೆ ಹೋಗಬೇಕು, ಮತ್ತೆ ಎಸೆಯಬೇಕು.”

ನಾಣಿ ಚಾಚಿದ ಕೈಯನ್ನು ಇಳಿಸಿರಲಿಲ್ಲ.

“ಎಷ್ಟು ಅಂಕಿಗಳಿವೆ ಎಣಿಸಿ ನೋಡು. ಒಂದೊಂದಕ್ಕೂ ಒಬ್ಬ ಒದ್ದೆ ಮನುಷ್ಯ.”

ಯಾರೂ ಎಣಿಸಲಿಲ್ಲ. ವಾಸಣ್ಣನ ದನಿಯೂ ಸ್ವಲ್ಪ ತಗ್ಗಿತ್ತು. “ಅಮೆರಿಕದವರು ತಮ್ಮ ಹಳೆಯ ಮಾದರಿಯ ಕಾಗದದ ನಕ್ಷೆಗಳನ್ನು ನಿಲ್ಲಿಸಿಯೇಬಿಟ್ಟರು. ಬ್ರಿಟಿಷರು 2026ಕ್ಕೆ ನಿಲ್ಲಿಸುತ್ತೇವೆ ಎಂದು 2022ರಲ್ಲಿ ಹೇಳಿ, ಆಮೇಲೆ ಮನಸ್ಸು ಬಾರದೆಯೋ ಏನೋ, 2030ರವರೆಗಾದರೂ ಇರಲಿ ಎಂದಿದ್ದಾರೆ. ಹಡಗಿನಲ್ಲಿ ಈಗ ಎಲ್ಲವೂ ಪರದೆಯ ಮೇಲೆ. ಕೆಲಸ ಕಳೆದುಕೊಂಡ ವಸ್ತುಗಳಿಗೆಲ್ಲ ಗೋಡೆಯೇ ಪಿಂಚಣಿ.”

“ಆ ಮೊಳೆಗೆ ಮೊದಲು ಇವರ ಬೀಳ್ಕೊಡುಗೆಯ ಫೋಟೋ ಇತ್ತು” ಎಂದರು ಪದ್ದಕ್ಕ.

ಸೀತಾರಾಮಯ್ಯನವರು ಗಂಟಲು ಸರಿಮಾಡಿಕೊಂಡರು. “ಅದಿರಲಿ. ಇದರಲ್ಲಿ ಒಂದು ದೋಷ ಇದೆ. ಇಲ್ಲಿ ನೋಡಿ, ಯಾರೋ ಪೆನ್ಸಿಲಿನಲ್ಲಿ ಗೀಚಿದ ಗೆರೆ. ಮೂಲದಲ್ಲಿದ್ದದ್ದು ನಕಲಿಗೂ ಬಂದುಬಿಟ್ಟಿದೆ. ದೂರು ಬರೆದಿದ್ದೇನೆ. ಶುದ್ಧವಾದದ್ದನ್ನು ಕಳಿಸಿ ಇದನ್ನು ವಾಪಸು ಒಯ್ಯುತ್ತಾರಂತೆ, ಇವತ್ತೇ.”

ನಾಲ್ಕು ತಲೆಗಳು ಗಾಜಿನ ಮುಂದೆ ಸೇರಿದವು. ಕೂದಲೆಳೆಯಷ್ಟು ತೆಳುವಾದ ಗೆರೆ. ಅಲ್ಲಲ್ಲಿ ಪುಟ್ಟ ಗುರುತು, ಪಕ್ಕದಲ್ಲಿ ವೇಳೆ: 2.10, 2.40, 3.05. ಮೂರು ಗುರುತು ದಾಟಿ ಗೆರೆ ಎರಡು ದ್ವೀಪಗಳ ನಡುವೆ ನುಸುಳಿ, ಬರಿಯ ನೀರಿನಲ್ಲಿ ನಿಂತುಹೋಗಿತ್ತು.

“ಮುಳುಗಿಹೋಯಿತೇ?” ಎಂದ ನಾಣಿ, ಮೆಲ್ಲಗೆ.

“ಮುಳುಗಿದ್ದರೆ ಹಾಳೆ ಇಲ್ಲಿಗೆ ಹೇಗೆ ಬರುತ್ತಿತ್ತು? ಪಯಣ ಮುಗಿದ ಮೇಲೆ ಗೆರೆಯನ್ನು ಅಳಿಸಿ ಅದೇ ನಕ್ಷೆಯನ್ನು ಮತ್ತೆ ಬಳಸುತ್ತಿದ್ದರು. ಊರು ಸೇರಿದ ಮೇಲೆ ಯಾವನೋ ಹುಡುಗ ಅಳಿಸಲು ಕೂತಿದ್ದಾನೆ. ಅರ್ಧ ಅಳಿಸುವಷ್ಟರಲ್ಲಿ ದಡದಿಂದ ಯಾರೋ ಅವನ ಹೆಸರು ಹಿಡಿದು ಕೂಗಿದ್ದಾರೆ.”

“ಯಾರು?”

“ಅದನ್ನು ನಕ್ಷೆಯಲ್ಲಿ ಬರೆಯುವುದಿಲ್ಲ.”

ಸೀತಾರಾಮಯ್ಯನವರು ಗಾಜಿನ ಮೇಲೆ ಬೆರಳಿಟ್ಟು 2.10ರಿಂದ ಹೊರಟರು. 3.05 ದಾಟಿ, ಗೆರೆ ಮುಗಿದ ಮೇಲೂ ಬೆರಳು ತಾನಾಗಿ ದಡದವರೆಗೆ ಹೋಯಿತು.

ಬಾಗಿಲಿನ ಗಂಟೆ ಬಾರಿಸಿತು. ಪದ್ದಕ್ಕ ಕಿಟಕಿಯಿಂದ ಇಣುಕಿದರು. “ಉದ್ದನೆಯ ಕೊಳವೆ ಹಿಡಿದುಕೊಂಡು ಬಂದಿದ್ದಾನೆ. ಹಳೆಯದನ್ನು ಕೊಡಬೇಕಲ್ಲ.”

“ಇಲ್ಲ ಎಂದು ಹೇಳು.”

“ಏನು ಇಲ್ಲ ಎನ್ನಲಿ, ನಕ್ಷೆಯೇ? ನೀವು ದೂರು ಬರೆದಿದ್ದೀರಿ, ಅವನ ಹತ್ತಿರ ಕಾಗದವಿದೆ.”

ಸೀತಾರಾಮಯ್ಯನವರು ಸ್ಟೂಲನ್ನು ಗೋಡೆಗೆ ಅಡ್ಡವಾಗಿ ಎಳೆದು ಅದರ ಮೇಲೆ ಕುಳಿತರು.

“ಹಾಗಾದರೆ, ಅಸ್ತಿತ್ವ ಸಂದೇಹ ಎನ್ನು.”