ಸಹಾಯ ಬೇಕು: ಮಗುವಿನ ಪಾಲಿರುವ ಸೈಟು ಮಾರಲು ಕೋರ್ಟ್ ಅನುಮತಿ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಕಳೆದ ವರ್ಷ ವಿಲ್ ಬರೆಯದೆ ತೀರಿಕೊಂಡರು. ಅತ್ತಿಗೆ, ಎಂಟು ವರ್ಷದ ಮಗಳು ಮತ್ತು ನಮ್ಮಮ್ಮ ಇದ್ದಾರೆ. ತುಮಕೂರಿನಲ್ಲಿ ಅಣ್ಣ ಸ್ವಂತ ದುಡಿಮೆಯಲ್ಲಿ ಕೊಂಡ ಸೈಟಿದೆ, ಬ್ಯಾಂಕಿನಲ್ಲಿ ಎಫ್‌ಡಿ ಇದೆ. ವಂಶವೃಕ್ಷ ಮಾಡಿಸಿದ್ದೇವೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮೂವರಿಗೂ ಸಮಪಾಲು. ಅದರಲ್ಲಿ ಯಾರ ತಕರಾರೂ ಇಲ್ಲ.

ಎಫ್‌ಡಿಗೆ ನಾಮಿನಿ ಇಲ್ಲದ್ದರಿಂದ ಬ್ಯಾಂಕಿನವರು ಸಕ್ಸೆಷನ್ ಸರ್ಟಿಫಿಕೇಟ್ (ವಾರಸುದಾರರಿಗೆ ಕೋರ್ಟು ಕೊಡುವ ಪತ್ರ) ಕೇಳುತ್ತಿದ್ದಾರೆ. ಅದು ಹಣಕ್ಕೆ ಮಾತ್ರ, ಸೈಟಿಗೆ ನಡೆಯಲ್ಲ ಅಲ್ವಾ?

ಅಣ್ಣನ ಸಾಲ ತೀರಿಸಲು ಸೈಟು ಮಾರಬೇಕಾಗಿದೆ. ಬ್ರೋಕರ್ ಒಬ್ಬರು "ತಾಯಿನೇ ಗಾರ್ಡಿಯನ್, ಸುಮ್ನೆ ಸೈನ್ ಹಾಕಿಸಿ" ಅಂತಾರೆ. ನಾನು ಒಪ್ಪಿಲ್ಲ. ಮಗುವಿನ ಪಾಲು ಮಾರಲು ತಾಯಿಯೂ ಮೊದಲೇ ಕೋರ್ಟಿನ ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಅವಳು 18 ತುಂಬಿದ ಮೇಲೆ ತನ್ನ ಪಾಲಿನ ಮಾರಾಟ ರದ್ದು ಮಾಡಿಸಬಹುದು. ಕೊಂಡವರಿಗೂ ಕಷ್ಟ. ಎಲ್ಲಕ್ಕಿಂತ ಜಾಸ್ತಿ, ಅಪ್ಪನಿಲ್ಲದ ಆ ಕೂಸಿನ ದುಡ್ಡು ಅವಳಿಗೇ ಸೇರಬೇಕು.

ಎಫ್‌ಡಿಯದ್ದೂ ಸೈಟಿನದ್ದೂ ಅರ್ಜಿ ಒಂದೇ ಸಲಕ್ಕೆ ಹಾಕಬಹುದಾ? ಅವಳ ಪಾಲನ್ನು ಕೋರ್ಟು ಡಿಪಾಸಿಟ್ ಇಡಿಸಿದರೆ, ಸ್ಕೂಲ್ ಫೀಸಿಗೆ ಬಡ್ಡಿ ತೆಗೆಯಲು ಬಿಡುತ್ತಾರಾ? ಇಂಥ ಕೇಸು ನಡೆಸಿದ ವಕೀಲರು, ಅನುಮತಿ ಪಡೆದವರು ದಯವಿಟ್ಟು ತಿಳಿಸಿ. ಅತ್ತಿಗೆ ತುಂಬಾ ಗಾಬರಿಯಾಗಿದ್ದಾರೆ.