ಸಹಾಯ ಬೇಕು: ಟಿಸಿಜಿಎ (ಕ್ಯಾನ್ಸರ್ ಗಡ್ಡೆಗಳ ಜೀನ್ ಮಾಹಿತಿ ಸಂಗ್ರಹ) ಡೇಟಾ ನೋಡಲು ಕಲಿಸುವವರು ಕಲಬುರಗಿಯಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟ್ ವಿಷಯ, ಸ್ತನ ಕ್ಯಾನ್ಸರ್‌ನಲ್ಲಿ ರೈಬೋಸೋಮ್ (ಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರ) ಪ್ರೋಟೀನ್‌ಗಳ ಪಾತ್ರ.

ಇಂಥ ಪ್ರೋಟೀನ್‌ಗಳು ನಮ್ಮ ಕೋಶದಲ್ಲಿ ಸುಮಾರು 80 ಬಗೆ. ಇವುಗಳ ಕೆಲಸ ಬರೀ ರೈಬೋಸೋಮ್ ಕಟ್ಟುವುದಲ್ಲ. ಆ ಕಟ್ಟುವ ಕೆಲಸ ಕೆಟ್ಟಾಗ ಇವುಗಳಲ್ಲಿ ಆರ್‌ಪಿಎಲ್5, ಆರ್‌ಪಿಎಲ್11 ಎಂಬ ಎರಡು ಹೋಗಿ ಎಂಡಿಎಂ2 ಎಂಬ ಬೇರೆ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆಗ ಎಂಡಿಎಂ2ನಿಂದ ಪಿ53 (ಕ್ಯಾನ್ಸರ್ ತಡೆಯುವ ಪ್ರೋಟೀನ್) ನಾಶವಾಗುವುದು ತಪ್ಪುತ್ತದೆ, ಕೋಶ ವಿಭಜನೆಗೆ ತಡೆ ಬೀಳುತ್ತದೆ. ಕೆಲವು ಸ್ತನ ಗಡ್ಡೆಗಳಲ್ಲಿ ಆರ್‌ಪಿಎಲ್5 ಜೀನಿನ ಒಂದು ಪ್ರತಿಯೇ ಕಳೆದುಹೋಗಿರುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ.

ಟಿಸಿಜಿಎ ಡೇಟಾ ನೋಡುವ ವೆಬ್‌ಸೈಟ್ ಸಿಬಯೋಪೋರ್ಟಲ್‌ನಲ್ಲಿ ಅಂಥ ಗಡ್ಡೆಗಳನ್ನು ಬೇರೆ ಮಾಡಿ, ಪಿ53 ಜೀನಿನ ಬದಲಾವಣೆ ಎಷ್ಟರಲ್ಲಿದೆ ಅಂತ ಹೋಲಿಸುವುದು ಗೊತ್ತಾಗುತ್ತಿಲ್ಲ. ಬಳಸಿ ಗೊತ್ತಿರುವವರು ಸ್ವಲ್ಪ ಹೊತ್ತು ಕೂತು ತೋರಿಸುತ್ತೀರಾ? ಸೇಡಂ ರಸ್ತೆ ಕಡೆ ಎಲ್ಲಿಗಾದರೂ ಬರುತ್ತೇನೆ. ಬೀದರ್, ಯಾದಗಿರಿಯವರಾದರೆ ಫೋನ್‌ನಲ್ಲೂ ಆಗುತ್ತದೆ. ದಯವಿಟ್ಟು ಮೆಸೇಜ್ ಮಾಡಿ.