ಶೀನಣ್ಣನ ಚಾವಡಿಯ ಮೂಲೆ

"ಎರಡು ಮೀಟರ್ ಉದ್ದಕ್ಕೆ ಮೂರು ಮಿಲ್ಲಿಮೀಟರಿಗಿಂತ ಜಾಸ್ತಿ ತಗ್ಗು ಇರಬಾರದಂತೆ ಮಾರಾಯ" ಅಂದ ಶೀನಣ್ಣ, ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ. "ಮಗ ಬೆಂಗಳೂರಿನಿಂದ ಹೇಳಿದ್ದು. ಆ ವುಡನ್ ಫ್ಲೋರ್ ಹಾಕಲಿಕ್ಕೆ."

"ನಿನ್ನ ಚಾವಡಿಯಲ್ಲಿ ಎಷ್ಟುಂಟು?" ವಾಸಣ್ಣ ಕೇಳಿದ.

"ಮೇಸ್ತ್ರಿ ಉದ್ದದ ಪಟ್ಟಿ ಇಟ್ಟು ನೋಡಿದ. ಅದರ ಅಡಿಯಿಂದ ಬೆಕ್ಕಿನ ಮರಿ ದಾಟಿತು."

"ಬಾಲ ದಾಟಿರಬೇಕು. ಇರಲಿ, ಈಗೆಂತ ಮಾಡುವುದಂತೆ?"

"ಲೆವೆಲ್ಲರ್ ಹೊಯ್ಯುವುದು. ಹಿಟ್ಟಿನ ಹಾಗೆ ಇರುತ್ತದೆ, ಹೊಯ್ದರೆ ಸಾಕು, ತನ್ನಷ್ಟಕ್ಕೆ ಹರಿದು ಮಟ್ಟ ಆಗುತ್ತದೆ."

"ಉದ್ದಿನ ದೋಸೆಯ ಹಿಟ್ಟಾ, ನೀರುದೋಸೆಯದ್ದಾ?"

"ನೀರುದೋಸೆ ಅಂತಲೇ ಇಟ್ಟುಕೋ."

"ಹಾಗಾದರೆ ಬಾಗಿಲಿಗೆ ಅಡ್ಡ ಪಟ್ಟಿ ಕಟ್ಟಿಸು. ಇಲ್ಲದಿದ್ದರೆ ಅಂಗಳವೇ ಮೊದಲು ಮಟ್ಟ ಆಗುವುದು. ಮತ್ತೆ ಒಂದು ವಿಷಯ, ಅದು ರೆಡ್ ಆಕ್ಸೈಡ್ ನೆಲ. ನಿನ್ನ ಅಮ್ಮ ತೆಂಗಿನೆಣ್ಣೆ ಹಾಕಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ್ದು. ಎಣ್ಣೆ ಕುಡಿದ ನೆಲಕ್ಕೆ ಯಾವುದೂ ಹಿಡಿಯುವುದಿಲ್ಲ. ಮೊದಲು ಮೆಷಿನ್ ಇಟ್ಟು ಆ ಹೊಳಪನ್ನೆಲ್ಲ ಕೆರೆಯಬೇಕು, ಆಮೇಲೆ ಪ್ರೈಮರ್, ಆಮೇಲೆ ನಿನ್ನ ನೀರುದೋಸೆ."

ಶೀನಣ್ಣ ಮಾತಾಡಲಿಲ್ಲ. ಬಜೆ ಚಟ್ನಿಯಲ್ಲೇ ಉಳಿಯಿತು.

ಪೈ ಮಾಮ್ ಸುಮ್ನೆ ಕೂರುವವರಲ್ಲ. "ನೆಲದಲ್ಲಿ ಪಸೆ ಉಂಟಾ ನೋಡಿದ್ದೀಯಾ? ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಬದಿ ಟೇಪ್ ಅಂಟಿಸಿ ಒಂದು ದಿನ ಬಿಡು. ಅಡಿಯಲ್ಲಿ ನೀರು ಕಟ್ಟಿದರೆ ಫ್ಲೋರೂ ಬೇಡ, ಎಂತದೂ ಬೇಡ."

"ಉಡುಪಿಯಲ್ಲಿ ಜುಲೈ ತಿಂಗಳು ಹಾಳೆ ಹಾಸಿದರೆ ಮರುದಿನ ಅದರ ಅಡಿಯಲ್ಲಿ ಮೀನು ಸಿಗಬಹುದು ಮಾಮ್" ಅಂದ ವಾಸಣ್ಣ. "ಮತ್ತೆ ಅದು ಮರ ಅಲ್ಲ. ಮರದ ಹುಡಿ ಒತ್ತಿ ಮಾಡಿದ ಹಲಗೆ, ಮೇಲೆ ತೇಗದ ಫೋಟೋ. ನೀರು ಕುಡಿದರೆ ಅಂಚೆಲ್ಲ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಏಳುತ್ತದೆ. ಅದಕ್ಕೇ ಗೋಡೆಯ ಹತ್ತಿರ ಸುತ್ತಲೂ ಹತ್ತು ಮಿಲ್ಲಿಮೀಟರ್ ಜಾಗ ಬಿಡುವುದು, ಉಬ್ಬಿದರೆ ಉಬ್ಬಲಿ ಅಂತ. ಮನೆಯಲ್ಲಿ ನಿಜವಾದ ಹಲಸಿನ ಮರದ ಬಾಗಿಲು ಇಟ್ಟುಕೊಂಡು ತೇಗದ ಫೋಟೋ ಮೇಲೆ ನಡೆಯುವುದು! ಫೋಟೋ ಗೋಡೆಗೆ ಹಾಕುವುದು ಮಾರಾಯ, ತುಳಿಯುವುದಲ್ಲ."

"1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು" ಅಂದರು ಪೈ ಮಾಮ್. ಯಾಕೆ ಹೇಳಿದರು ಅಂತ ಯಾರಿಗೂ ಗೊತ್ತಾಗಲಿಲ್ಲ. ಮಾಮ್‌ಗೆ ಇಸವಿ ನೆನಪಾದರೆ ಹೇಳದೆ ಇರಲಿಕ್ಕೆ ಆಗುವುದಿಲ್ಲ.

"ಅದು ಮಾಡಿಗೆ ಮಾಮ್, ನಾವು ನೆಲದಲ್ಲಿದ್ದೇವೆ."

"ಆದರೂ ಮಟ್ಟ ಅಂದ್ರೆ ಮಟ್ಟ" ಅಂದ ಶೀನಣ್ಣ. "ಈಗ ಎಲ್ಲ ಜಾರಿ ಆ ಮೂಲೆಗೇ ಹೋಗುತ್ತದೆ. ಪುಳ್ಳಿಯ ಚೆಂಡು, ನನ್ನ ಬಿಪಿ ಮಾತ್ರೆ, ಹೆಂಡತಿಯ ಸೂಜಿಯ ಡಬ್ಬಿ."

"ಅದು ಉಪಕಾರ ಅಲ್ವಾ? ನಮ್ಮ ಮನೆ ಟೈಲ್ಸ್ ಕನ್ನಡಿಯಷ್ಟು ಮಟ್ಟ. ಮಾತ್ರೆ ಬಿದ್ದರೆ ಇಡೀ ಸಂಸಾರ ಮೊಣಕಾಲೂರಿ ಹುಡುಕುತ್ತದೆ, ಹೊರಗಿನವರು ನೋಡಿದರೆ ನಮಾಜೋ ಯೋಗವೋ ಅಂದುಕೊಳ್ಳಬೇಕು. ನಿನಗೆ ಹುಡುಕುವ ಕೆಲಸವೇ ಇಲ್ಲ. ಮನೆ ಕಟ್ಟಿದ ದಿನದಿಂದ ಕಳೆದುಹೋದದ್ದೆಲ್ಲ ಒಂದೇ ಕಡೆ ಸಿಗುತ್ತದೆ."

ಶೀನಣ್ಣ ನಗಲಿಲ್ಲ. "ಅಪ್ಪನಿಗೆ ಕೊನೆಗೆ ಕಣ್ಣು ಕಾಣುತ್ತಿರಲಿಲ್ಲ. ಕೈತಪ್ಪಿ ಅಡಿಕೆ ಬಿದ್ದರೆ ಯಾರನ್ನೂ ಕರೆಯುತ್ತಿರಲಿಲ್ಲ. ಗೋಡೆ ಹಿಡಿದು ನೇರ ಆ ಮೂಲೆಗೆ ಹೋಗಿ ತಡಕುವುದು. ಸಿಗದ ದಿನ ಇಲ್ಲ."

ಪೈ ಮಾಮ್‌ಗೂ ಯಾವ ಇಸವಿಯೂ ನೆನಪಾಗಲಿಲ್ಲ. ಕಡೆಯ ಗೋಳಿಬಜೆ ತಟ್ಟೆಯಲ್ಲೇ ತಣಿಯಿತು, ಅದು ಸಾಮಾನ್ಯ ಸಂಗತಿಯಲ್ಲ.

ಶೀನಣ್ಣ ಫೋನ್ ತೆಗೆದು ಮೇಸ್ತ್ರಿಗೆ ಮಾಡಿದ. "ಆ ಬಡಗು ಮೂಲೆ ಒಂದು ಬಿಟ್ಟು ಬಾಕಿ ಕಡೆ ಹೊಯ್ಯಲಿಕ್ಕೆ ಆಗುತ್ತದಾ?"

ಮೇಸ್ತ್ರಿಯ ದೊಡ್ಡ ಸ್ವರ ನಮಗೂ ಕೇಳಿಸಿತು. "ಎಲ್ಲಿ ಹೊಯ್ದರೂ ಅದು ಮೊದಲು ಅಲ್ಲಿಗೇ ಹೋಗುವುದಲ್ವಾ ಶೀನಣ್ಣ?"